‘ಕೆಟಗರಿ ಎರಡು ತಾನೇ?’

ಪ್ರಶ್ನೆ: ಮಗಳು ಫ್ಲೋರಿಡಾದ ಕಡಲ ಬದಿಯಲ್ಲಿದ್ದಾಳೆ. ಹರಿಕೇನ್ (ಚಂಡಮಾರುತ) ಬರುತ್ತಿದೆ ಅಂದರೂ ಪಕ್ಕದ ಮನೆಯ ಹಿರಿಯರು, ‘ಕೆಟಗರಿ ಎರಡು ತಾನೇ, ಇದಕ್ಕಿಂತ ದೊಡ್ಡದನ್ನು ಕಂಡಿದ್ದೇವೆ’ ಎಂದು ಕದಲುವುದಿಲ್ಲವಂತೆ. ಅವಳೂ ಉಳಿಯುತ್ತೇನೆ ಅನ್ನುತ್ತಾಳೆ. ಏನು ಹೇಳಲಿ?

ಉತ್ತರ: ಹೊರಡು ಅಂತಲೇ ಹೇಳಿ. ಟೆಕ್ಸಾಸ್ ಕರಾವಳಿಯಲ್ಲಿ ನಾನೂ ಇದ್ದವಳು, ಅಲ್ಲೂ ಇದೇ ಮಾತು ಕೇಳಿದ್ದೇನೆ. ಒಂದರಿಂದ ಐದರವರೆಗಿನ ಆ ಕೆಟಗರಿಯ ಅಂಕಿ ಹೇಳುವುದು ಗಾಳಿಯ ವೇಗವನ್ನು ಮಾತ್ರ. ಉಕ್ಕಿ ಬರುವ ಕಡಲಿನ ಲೆಕ್ಕ ಅದರಲ್ಲಿಲ್ಲ. 2008ರಲ್ಲಿ ಐಕ್ ಎಂಬ ಹರಿಕೇನ್ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ಗೆ ಬಡಿದಾಗ ಅದು ಕೆಟಗರಿ ಎರಡೇ. ಆದರೆ ಪಕ್ಕದ ಬೊಲಿವರ್‌ನಲ್ಲಿ ಸಾಲು ಸಾಲು ಮನೆಗಳು ಕೊಚ್ಚಿಹೋಗಿ, ಅವನ್ನು ಹೊತ್ತಿದ್ದ ಮರದ ಕಂಬಗಳಷ್ಟೇ ಮರಳಲ್ಲಿ ನಿಂತಿದ್ದವು.

ಹಳೆಯ ಅನುಭವವನ್ನು ನಂಬುವುದೂ ಕಷ್ಟ. ಮಿಸಿಸಿಪ್ಪಿಯಲ್ಲಿ 1969ರ ಕಮಿಲ್‌ಗೆ ಜಗ್ಗದ ಮನೆ ಅಂತ 2005ರಲ್ಲಿ ಕತ್ರಿನಾ ಬಂದಾಗ ಉಳಿದವರಿದ್ದರು. ಗಾಳಿ ಕಮಿಲ್‌ಗಿಂತ ಕಡಿಮೆಯಿತ್ತು, ನೀರು ಜಾಸ್ತಿ ಬಂತು.

ಉಳಿಯುವವರನ್ನು ಸುಮ್ನೆ ಬೈಯಬೇಡಿ. ಹೋಟೆಲ್ ಖರ್ಚು, ಸಾಕಿದ ನಾಯಿ, ಹಾಸಿಗೆ ಹಿಡಿದ ಅಮ್ಮ, ಎಲ್ಲ ಇರುತ್ತದೆ ಅಲ್ವಾ? 2005ರಲ್ಲೇ ರೀಟಾಗೆ ಹೆದರಿ ಹ್ಯೂಸ್ಟನ್ ಬಿಟ್ಟವರು ಸುಡುಬಿಸಿಲಲ್ಲಿ ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಂಡರು. ಅಲ್ಲೂ ಜೀವಗಳು ಹೋದವು.

ಅದಕ್ಕೇ ದೂರ ಓಡಬೇಕಿಲ್ಲ. ಫ್ಲೋರಿಡಾದಲ್ಲಿ ತೆರವಿನ ವಲಯಗಳಿಗೆ ‘ಎ’, ‘ಬಿ’ ಅಂತ ಅಕ್ಷರಗಳಿವೆ. ಮಗಳ ಮನೆ ಯಾವುದರಲ್ಲಿದೆ ಅಂತ ಇವತ್ತೇ ನೋಡಿಸಿ. ವಲಯದ ಆಚೆ ಗಟ್ಟಿ ಮನೆಯಿರುವ ಗೆಳತಿಯನ್ನು ಈಗಲೇ ಕೇಳಿಟ್ಟುಕೊಳ್ಳಲಿ. ಆದೇಶ ಬಂದ ಕೂಡಲೇ ಹೊರಡಲಿ, ಆ ಹಿರಿಯರಿಗೂ ಕಾರಿನಲ್ಲಿ ಜಾಗ ಇದೆ ಅಂತ ಹೇಳಲಿ.