ಗೈಡ್ ಇದ್ದಾರಲ್ಲ ಎಂದು ನೀರಿಗಿಳಿಯುವವರಿಗೆ

ಹವಳದ ದಿಬ್ಬಗಳಿಗೆ ಬೋಟ್‌ನಲ್ಲಿ ಕರೆದೊಯ್ದು ಬಾಯಲ್ಲಿ ಉಸಿರಾಟದ ಕೊಳವೆ ಕಚ್ಚಿ, ಮುಖ ನೀರೊಳಗಿಟ್ಟು ತೇಲುವ ಸ್ನಾರ್ಕೆಲಿಂಗ್ ಮಾಡಿಸುವ ಟೂರ್‌ಗಳ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಹರಡಿಕೊಂಡು ಕೂತರೆ, ಕೇಳಿದವರು ಬೇರೆ ಬೇರೆ, ಪ್ರಶ್ನೆ ಮಾತ್ರ ಅವೇ. ಕಣ್ಣು, ಮೂಗು ಮುಚ್ಚುವ ಮಾಸ್ಕ್ ಹೇಗೆ ಕಟ್ಟಿಕೊಳ್ಳಬೇಕು, ಕಾಲಿಗೆ ತೊಡುವ ಫಿನ್ ಯಾವ ಅಳತೆಯದು ಬೇಕು ಎಂಬುದನ್ನು ಬೋಟ್‌ನವರೇ ಹೇಳಿಕೊಡುತ್ತಾರೆ, ಅದಕ್ಕೆ ನಾನು ಬೇಕಿಲ್ಲ. ಡೈವಿಂಗ್ ಕಲಿಸುವುದು, ಮುಳುಗುತ್ತಿರುವವರನ್ನು ಎತ್ತುವ ತರಬೇತಿ ಕೊಡುವುದು ನನ್ನ ಕೆಲಸ. ಹಾಗಾಗಿ ಒಂದು ಪ್ರಶ್ನೆಗೆ ಉದ್ದನೆಯ ಉತ್ತರ ಕೊಡುತ್ತಿದ್ದೇನೆ. ಉಳಿದವಕ್ಕೆ ನನ್ನಲ್ಲಿ ಅಷ್ಟು ತಾಳ್ಮೆ ಇಲ್ಲ.

ಪ್ರಶ್ನೆ: ನನಗೆ ಈಜು ಬರುವುದಿಲ್ಲ. ತಂದೆಗೆ 62 ವರ್ಷ, ಬಿಪಿ ಇದೆ, ಅವರಿಗೆ ಅಲ್ಪಸ್ವಲ್ಪ ಈಜು ಗೊತ್ತು. ಲೈಫ್ ಜಾಕೆಟ್ ಕೊಡುತ್ತೇವೆ, ಗೈಡ್ ಜೊತೆಗೇ ಇರುತ್ತಾರೆ, ಏನೂ ಆಗುವುದಿಲ್ಲ ಎಂದು ಟೂರ್‌ನವರು ಹೇಳಿದ್ದಾರೆ. ಇಬ್ಬರೂ ಹೋಗಬಹುದೇ?

‘ಏನೂ ಆಗುವುದಿಲ್ಲ’ ಎಂದವರು ಟಿಕೆಟ್ ಮಾರುವವರು. ನೀರಿಗಿಳಿಯುವ ಗೈಡ್‌ನನ್ನು ಪಕ್ಕಕ್ಕೆ ಕರೆದು ಕೇಳಿ ನೋಡಿ, ಅವನು ಅಷ್ಟು ಸಲೀಸಾಗಿ ಹೇಳುವುದಿಲ್ಲ.

ಮೊದಲು ಜಾಕೆಟ್ ವಿಚಾರ. ಅದು ನಿಮ್ಮನ್ನು ತೇಲಿಸುತ್ತದೆ, ಬಾಯಿಗೆ ನೀರು ಹೋಗದಂತೆ ತಡೆಯುವುದಿಲ್ಲ. ದಪ್ಪ ಫೋಮಿನ ಜಾಕೆಟ್ ನಿಮ್ಮನ್ನು ಅಂಗಾತ ತಿರುಗಿಸಲು ನೋಡುತ್ತದೆ, ನಿಮಗೋ ಮುಖ ಕೆಳಗೆ ಮಾಡಿ ಹವಳ ನೋಡಬೇಕು. ಅದಕ್ಕೇ ಜನ ಪಟ್ಟಿ ಸಡಿಲ ಮಾಡಿಕೊಳ್ಳುತ್ತಾರೆ, ಆಮೇಲೆ ಜಾಕೆಟ್ ಕಿವಿಯವರೆಗೆ ಏರಿ ಕೂರುತ್ತದೆ. ಇನ್ನು ಬಾಯಿಂದ ಊದಿ ಉಬ್ಬಿಸುವ ತೆಳ್ಳನೆಯ ಸ್ನಾರ್ಕೆಲ್ ವೆಸ್ಟ್ ಲೈಫ್ ಜಾಕೆಟ್ಟೇ ಅಲ್ಲ. ಪ್ರಜ್ಞೆ ತಪ್ಪಿದವರ ಮುಖವನ್ನು ಅದು ಮೇಲೆ ತಿರುಗಿಸುವುದಿಲ್ಲ, ಮುಖ ಕೆಳಗಿರುವ ಹಾಗೆಯೇ ತೇಲಿಸುತ್ತಾ ಇರುತ್ತದೆ.

ಈಜು ಬಾರದವರಿಗೆ ಆಗುವುದೇನು? ಮಾಸ್ಕಿನ ಅಂಚಿಗೆ ಕೂದಲೋ ಮೀಸೆಯೋ ಸಿಕ್ಕಿ ಒಂದಿಷ್ಟು ನೀರು ಒಳಬರುತ್ತದೆ, ಮೂಗಿಗೆ ತಾಕುತ್ತದೆ. ನೀರಿನ ಪರಿಚಯ ಇದ್ದವರು ಮಾಸ್ಕ್ ಎತ್ತಿ ನೀರು ಚೆಲ್ಲಿ ಮುಂದುವರಿಯುತ್ತಾರೆ. ಇಲ್ಲದವರು ಎದ್ದು ನಿಲ್ಲಲು ಹೋಗುತ್ತಾರೆ. ನಿಲ್ಲಲು ಕೆಳಗೆ ನೆಲವಿಲ್ಲ. ಕತ್ತು ಹಿಂದಕ್ಕೆ ಚಾಚಿದ ಕ್ಷಣ ಸ್ನಾರ್ಕೆಲ್ ಕೊಳವೆಯ ತುದಿ ನೀರಿನೊಳಗೆ, ಮುಂದಿನ ಉಸಿರಿಗೆ ಗಾಳಿಯ ಬದಲು ಉಪ್ಪುನೀರು. ಕೂಗಲು ಬಾಯಲ್ಲಿ ಕೊಳವೆ. ಇಷ್ಟಕ್ಕೆ ಅರ್ಧ ನಿಮಿಷ ಸಾಕು.

ಗೈಡ್ ನೋಡುವುದಿಲ್ಲವೇ ಎನ್ನುತ್ತೀರಿ. ಹವಳ ನೋಡುತ್ತಾ ಮೈಮರೆತವರೂ ಪ್ರಜ್ಞೆ ತಪ್ಪಿದವರೂ ಬೋಟ್ ಮೇಲಿಂದ ಒಂದೇ ತರಹ ಕಾಣುತ್ತಾರೆ: ಮುಖ ಕೆಳಗೆ, ಕೈಕಾಲು ಚಾಚಿಕೊಂಡು, ಅಲುಗಾಡದೆ. ಈಜುಕೊಳದಲ್ಲಿ ಯಾರಾದರೂ ಹಾಗೆ ಮಲಗಿದ್ದರೆ ಕಾವಲುಗಾರ ಹಾರಿಬಿಡುತ್ತಾನೆ. ಇಲ್ಲಿ ಎಲ್ಲರೂ ಹಾಗೇ ಮಲಗಿರುತ್ತಾರೆ. ಗೈಡ್ ಮುಂದೆ ಈಜುತ್ತಾ ಆಮೆ ತೋರಿಸುತ್ತಿದ್ದರಂತೂ ಅವನ ಬೆನ್ನು ನಿಮ್ಮ ಕಡೆಗಿರುತ್ತದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬಡಿದು ಕಿರುಚಿ ಮುಳುಗುವವರು ಕಡಿಮೆ. ಹೆಚ್ಚಿನವರು ಸದ್ದಿಲ್ಲದೆ ಮುಳುಗುತ್ತಾರೆ.

ಹಾಗಾದರೆ ನಿಮ್ಮ ವಿಚಾರದಲ್ಲಿ ಉತ್ತರ: ಈಗಲೇ ಬೇಡ. ಮೊದಲು ಈಜುಕೊಳಕ್ಕೆ ಹೋಗಿ, ಮಾಸ್ಕ್ ಮತ್ತು ಸ್ನಾರ್ಕೆಲ್ ಹಾಕಿಕೊಂಡು ಮುಖ ಕೆಳಗೆ ಮಾಡಿ ಹತ್ತು ನಿಮಿಷ ನಿರಾಳವಾಗಿ ಉಸಿರಾಡಲು ಆಗುತ್ತದೆಯೇ ನೋಡಿ. ಕೊಳವೆಗೆ ನೀರು ತುಂಬಿಸಿಕೊಂಡು ಊದಿ ಹೊರಹಾಕಿ. ಕಾಲಿಗೆ ನೆಲ ತಾಕದ ಕಡೆ ಮಾಸ್ಕ್ ಕಳಚಿ, ಅಂಗಾತ ತಿರುಗಿ, ಗಾಬರಿಯಿಲ್ಲದೆ ತೇಲಿ. ಇವೆಲ್ಲ ನಿಮ್ಮಿಂದಾದರೆ ಶಾಂತವಾದ ದಿನ, ಆಳವಿಲ್ಲದ ಒಳಕಡಲಿನಲ್ಲಿ, ಜಾಕೆಟ್ ಹಾಕಿಕೊಂಡು, ನಿಮ್ಮೊಬ್ಬರಿಗೇ ಮೀಸಲಾದ ಗೈಡ್ ಜೊತೆ ಇಳಿಯಿರಿ. ಆಗದಿದ್ದರೆ ಗಾಜಿನ ತಳದ ಬೋಟ್ ಇದೆ, ಅದರಲ್ಲಿ ಕೂತರೂ ಮೀನು ಅವೇ ಕಾಣುತ್ತವೆ. ಮಾನ ಹೋಗುವಂಥದ್ದೇನೂ ಇಲ್ಲ.

ನಿಮ್ಮ ತಂದೆಯ ವಿಚಾರ ಬೇರೆ, ನನಗೆ ನಿಮಗಿಂತ ಅವರದೇ ಹೆಚ್ಚು ಚಿಂತೆ. ‘ಅಲ್ಪಸ್ವಲ್ಪ ಈಜು ಗೊತ್ತು’ ಎಂಬ ಧೈರ್ಯ ಇಲ್ಲಿ ಉಪಯೋಗಕ್ಕೆ ಬಾರದು. ಆಸ್ಟ್ರೇಲಿಯಾದಲ್ಲಿ ಸ್ನಾರ್ಕೆಲಿಂಗ್ ಮಾಡುವಾಗ ಸತ್ತ ಪ್ರವಾಸಿಗರಲ್ಲಿ ವಯಸ್ಸಾದವರು, ಹೃದಯದ ತೊಂದರೆ ಇದ್ದವರು ಮತ್ತೆ ಮತ್ತೆ ಕಾಣಿಸುತ್ತಾರೆ. ಶಾರ್ಕ್ ಆ ಲೆಕ್ಕದಲ್ಲಿ ಎಲ್ಲೋ ಮೂಲೆಯಲ್ಲಿದೆ. ಕುತ್ತಿಗೆಮಟ್ಟ ನೀರಿಗಿಳಿದ ಕೂಡಲೇ ನೀರಿನ ಒತ್ತಡಕ್ಕೆ ಕಾಲಿನ ರಕ್ತ ಎದೆಯತ್ತ ಸರಿಯುತ್ತದೆ, ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ನೀರು ತಣ್ಣಗಿದ್ದರೆ ರಕ್ತನಾಳಗಳು ಬಿಗಿದು ಬಿಪಿ ಏರುತ್ತದೆ. ಇದರ ಮೇಲೆ ಕೊಳವೆಯ ಮೂಲಕ ಗಾಳಿ ಎಳೆದುಕೊಳ್ಳುವ ಶ್ರಮ. ಪ್ರವಾಹದ ಎದುರು ಈಜುತ್ತಾ ಜೋರಾಗಿ ಉಸಿರೆಳೆದಾಗ ಶ್ವಾಸಕೋಶದೊಳಗೆ ಒತ್ತಡ ಇಳಿದು, ರಕ್ತನಾಳಗಳಿಂದ ದ್ರವ ಗಾಳಿಚೀಲಗಳಿಗೆ ಜಿನುಗಬಹುದು. ಹವಾಯಿಯಲ್ಲಿ ಸ್ನಾರ್ಕೆಲಿಂಗ್ ಸಾವುಗಳನ್ನು ಅಧ್ಯಯನ ಮಾಡಿದವರು ಬಲವಾಗಿ ಶಂಕಿಸಿರುವುದು ಇದನ್ನೇ. ಒಂದು ಗುಟುಕು ನೀರೂ ಕುಡಿಯದೆ, ಈಜು ಬಲ್ಲವರೂ, ನಿಲ್ಲುವಷ್ಟು ಆಳದಲ್ಲೂ ಸೋತುಹೋಗುವುದು ಹೀಗೆ.

ಆದ್ದರಿಂದ ಹೃದಯದ ತೊಂದರೆ, ಬಿಪಿ, ಆಸ್ತಮಾ, ಮೂರ್ಛೆರೋಗ ಯಾವುದಿದ್ದರೂ ವೈದ್ಯರಿಗೆ ‘ಪ್ರವಾಸ ಹೋಗಬಹುದಾ’ ಎಂದು ಕೇಳಬೇಡಿ. ‘ಸಮುದ್ರದಲ್ಲಿ ಒಂದು ಗಂಟೆ ಈಜುವಷ್ಟು ಶ್ರಮ ತಡೆಯುತ್ತದೆಯೇ’ ಎಂದು ಕೇಳಿ, ಆಗ ಬರುವ ಉತ್ತರವೇ ಬೇರೆ. ಬೋಟ್ ಹತ್ತುವಾಗ ಕೊಡುವ ಆರೋಗ್ಯದ ಫಾರಂನಲ್ಲಿ ಎಲ್ಲದಕ್ಕೂ ‘ಇಲ್ಲ’ ಎಂದು ಗೀಚುವ ಚಾಳಿಯನ್ನು ದಯವಿಟ್ಟು ಬಿಡಿ. ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ಸಾಲು ಇರುವ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇಂಥವರನ್ನು ಮೊದಲೇ ಗುರುತಿಸಿ, ತೇಲುವ ಸಾಧನ ತೊಡಿಸಿ, ವಿಶೇಷವಾಗಿ ಗಮನಿಸಬೇಕೆಂಬ ನಿಯಮವಿದೆ. ನೀವು ಸುಳ್ಳು ಬರೆದರೆ ಕಾಯುವವರ ಕಣ್ಣನ್ನು ನೀವೇ ಕಟ್ಟಿದಂತೆ.

ನೀರಿನಲ್ಲಿ ಏದುಸಿರು ಬಂದರೆ, ಎದೆ ಬಿಗಿದರೆ, ಕೈಕಾಲು ಸೋತರೆ ‘ಸ್ವಲ್ಪ ಸುಧಾರಿಸಿಕೊಂಡು ಮುಂದುವರಿಯೋಣ’ ಎನ್ನುವುದು ಬೇಡ. ಅಂಗಾತ ತಿರುಗಿ, ಕೊಳವೆ ಉಗುಳಿ, ಕೈ ಎತ್ತಿ ಕೂಗಿ, ನೀರಿನಿಂದ ಹೊರಗೆ ಬನ್ನಿ. ಅವತ್ತಿನ ಸ್ನಾರ್ಕೆಲಿಂಗ್ ಅಲ್ಲಿಗೆ ಮುಗಿಯಿತು.

ಟೂರ್ ಬುಕ್ ಮಾಡುವಾಗ ಕೇಳಬೇಕಾದ್ದು ಯಾರೂ ಕೇಳದ ಪ್ರಶ್ನೆಗಳನ್ನು. ನೀರಿಗಿಳಿಯದೆ ಬೋಟ್ ಮೇಲಿಂದ ಕಾಯಲೆಂದೇ ಒಬ್ಬರು ಇರುತ್ತಾರೆಯೇ? ಒಬ್ಬ ಗೈಡ್‌ಗೆ ಎಷ್ಟು ಜನ? ಆಕ್ಸಿಜನ್ ಸಿಲಿಂಡರ್, ಹೃದಯಕ್ಕೆ ಶಾಕ್ ಕೊಡುವ ಯಂತ್ರ ಇದೆಯೇ, ಅದನ್ನು ಬಳಸಲು ಯಾರಿಗೆ ಬರುತ್ತದೆ? ಹೊರಡುವ ಮುನ್ನ ತಲೆ ಎಣಿಸುತ್ತಾರೋ, ಹೆಸರು ಕೂಗುತ್ತಾರೋ? ಕೊನೆಯದನ್ನು ಕೇಳಿ ನಗುವವರಿದ್ದಾರೆ. 1998ರ ಜನವರಿಯಲ್ಲಿ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಒಂದು ಡೈವಿಂಗ್ ಬೋಟ್ ಅಮೆರಿಕದ ದಂಪತಿಯನ್ನು ಸಮುದ್ರದಲ್ಲೇ ಬಿಟ್ಟು ದಡಕ್ಕೆ ಬಂತು. ಇಬ್ಬರು ಕಡಿಮೆ ಎಂದು ಗೊತ್ತಾಗಿದ್ದು ಎರಡು ದಿನದ ಮೇಲೆ, ಅವರ ಚೀಲ ಬೋಟ್‌ನಲ್ಲೇ ಉಳಿದದ್ದನ್ನು ಕಂಡಾಗ. ಅವರು ಸಿಗಲೇ ಇಲ್ಲ.

ಪ್ರಶ್ನೆ: ಇಡೀ ಮುಖ ಮುಚ್ಚುವ ಮಾಸ್ಕ್ ಹೊಸಬರಿಗೆ ಸುಲಭವಂತೆ, ತಗೊಳ್ಳಲೇ?

ಬೇಡ. ಕಳಪೆಯಾಗಿ ತಯಾರಾದವುಗಳಲ್ಲಿ ಬಿಟ್ಟ ಉಸಿರೇ ಮತ್ತೆ ಒಳಗೆ ಬಂದು ಇಂಗಾಲದ ಡೈಆಕ್ಸೈಡ್ ಸೇರಿಕೊಳ್ಳುತ್ತದೆ. ಚೆನ್ನಾಗಿ ತಯಾರಾದದ್ದರಲ್ಲೂ ನೀರು ನುಗ್ಗಿದಾಗ ಕೊಳವೆಯನ್ನು ಉಗುಳಿದ ಹಾಗೆ ಉಗುಳಲಾಗುವುದಿಲ್ಲ, ಹಿಂದಿನ ಪಟ್ಟಿ ಕಳಚಬೇಕು. ಗಾಬರಿಯಲ್ಲಿ ಬೆರಳು ಪಟ್ಟಿ ಹುಡುಕುವುದಿಲ್ಲ. ‘ಹೊಸಬರಿಗೆ ಸುಲಭ’ ಎಂಬುದೇ ಅದರ ತೊಂದರೆ: ನೀರಿನ ಅಭ್ಯಾಸವೇ ಇಲ್ಲದವರಿಗೂ ಅಭ್ಯಾಸವಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.

ಪ್ರಶ್ನೆ: ಮುಳುಗಿ ಹೆಚ್ಚು ಹೊತ್ತು ಇರಲು ಮೊದಲು ಇಪ್ಪತ್ತು ಸಲ ಜೋರಾಗಿ ಉಸಿರಾಡಬೇಕು ಎಂದು ವಿಡಿಯೊದಲ್ಲಿ ಹೇಳಿದ್ದಾರೆ. ನಿಜವೇ?

ಇಂಥ ವಿಡಿಯೊ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಉಸಿರಾಡಲೇಬೇಕು ಎಂಬ ಒತ್ತಡ ನಮ್ಮಲ್ಲಿ ಹುಟ್ಟುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ, ಆಮ್ಲಜನಕ ಇಳಿದಾಗ ಅಲ್ಲ. ಜೋರಾಗಿ ಉಸಿರಾಡಿ ಡೈಆಕ್ಸೈಡ್ ಹೊರಹಾಕಿದರೆ ಆಮ್ಲಜನಕ ಹೇಳಿಕೊಳ್ಳುವಷ್ಟೇನೂ ಹೆಚ್ಚುವುದಿಲ್ಲ, ಎಚ್ಚರಿಕೆ ಮಾತ್ರ ತಡವಾಗುತ್ತದೆ. ಮೇಲೇರುವಾಗ ನೀರಿನ ಒತ್ತಡ ತಗ್ಗಿ, ಮಿದುಳಿಗೆ ಸಿಗುವ ಆಮ್ಲಜನಕ ಇನ್ನೂ ಇಳಿಯುತ್ತದೆ. ಯಾವ ಸೂಚನೆಯೂ ಇಲ್ಲದೆ ಪ್ರಜ್ಞೆ ಹೋಗುತ್ತದೆ. ಹೀಗೆ ಸಾಯುವವರಲ್ಲಿ ಒಳ್ಳೆಯ ಈಜುಗಾರರೇ ಹೆಚ್ಚು, ಏಕೆಂದರೆ ಈ ಹುಚ್ಚಾಟಕ್ಕೆ ಇಳಿಯುವವರು ಅವರೇ. ಮಾಮೂಲಾಗಿ ಒಂದೆರಡು ಉಸಿರು ತಗೊಂಡು ಮುಳುಗಿ, ಒಬ್ಬರು ಮೇಲಿದ್ದು ನೋಡುತ್ತಿರಲಿ.

ಪ್ರಶ್ನೆ: ‘ರೀಫ್ ಸೇಫ್’ ಎಂದು ಬರೆದ ಸನ್‌ಸ್ಕ್ರೀನ್ ಹಚ್ಚಿದರೆ ಹವಳಕ್ಕೆ ತೊಂದರೆ ಇಲ್ಲ ತಾನೇ?

ಆ ಎರಡು ಪದಗಳಿಗೆ ಎಲ್ಲರೂ ಒಪ್ಪಿದ ಅಳತೆಗೋಲಿಲ್ಲ, ಕಂಪನಿ ತನಗೆ ತೋಚಿದ್ದನ್ನು ಅಚ್ಚು ಹಾಕಬಹುದು. ಡಬ್ಬಿ ತಿರುಗಿಸಿ, ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳು ಇವೆಯೇ ಓದಿ. ಪಲಾವು ದೇಶ 2020ರಿಂದ, ಹವಾಯಿ 2021ರಿಂದ ಇಂಥ ಕ್ರೀಮುಗಳ ಮಾರಾಟ ನಿಲ್ಲಿಸಿವೆ. ಅದಕ್ಕಿಂತ ಸುಲಭ, ಪೂರ್ತಿ ತೋಳಿನ ಈಜುಡುಪು ಹಾಕಿಕೊಳ್ಳಿ. ಸುಡುವುದು ಬೆನ್ನು, ಕತ್ತು, ಮಂಡಿಯ ಹಿಂಭಾಗ, ಎಲ್ಲವೂ ಬಟ್ಟೆಯಲ್ಲಿ ಮುಚ್ಚುತ್ತವೆ. ಹಾಗೆಂದು ಸರಿಯಾದ ಕ್ರೀಮು ಹಚ್ಚಿ ಹವಳ ಉಳಿಸಿದೆ ಎಂದು ಬೀಗಬೇಡಿ. ಬೇಸಿಗೆಯ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿ ಕೆಲವು ವಾರ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಹೀಗೆ ಜಗತ್ತಿನಾದ್ಯಂತ ಹವಳ ಬಿಳಿಚಿದ್ದು 1998, 2010, 2014ರಿಂದ 2017ರಲ್ಲಿ, ಆಮೇಲೆ 2024ರ ಏಪ್ರಿಲ್‌ನಲ್ಲಿ ನಾಲ್ಕನೆಯದನ್ನು ಘೋಷಿಸಿದರು. ಇಡೀ ಜಗತ್ತಿನ ದಿಬ್ಬಗಳು ಬಿಳಿಚಿದ್ದು ಸನ್‌ಸ್ಕ್ರೀನಿನಿಂದಲ್ಲ.

ಪ್ರಶ್ನೆ: ಬೆಳ್ಳಗಾಗಿ ಸತ್ತಿರುವ ಹವಳದ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಬಹುದೇ?

ಬೆಳ್ಳಗಾದದ್ದೆಲ್ಲ ಸತ್ತಿಲ್ಲ, ಬಿಸಿ ಇಳಿದರೆ ಚೇತರಿಸಿಕೊಳ್ಳಲೂಬಹುದು, ನೀವು ತುಳಿಯದಿದ್ದರೆ. ಗುಂಡು ಬಂಡೆಯಂಥ ಹವಳಗಳು ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಸತ್ತದ್ದರ ಮೇಲೂ ಹೊಸ ಹವಳದ ಮರಿಗಳು ಅಂಟಿಕೊಂಡಿರುತ್ತವೆ. ಇಷ್ಟು ಹೇಳಿದ ಮೇಲೂ ನಿಂತರೆ ಕಾಲು ಕೊಯ್ದುಕೊಳ್ಳುತ್ತದೆ. ಆ ಗಾಯದಲ್ಲಿ ಚೂರುಗಳು ಉಳಿದು ಕೀವು ತುಂಬುತ್ತದೆ. ಶುದ್ಧ ನೀರಿನಲ್ಲಿ ತಿಕ್ಕಿ ತೊಳೆಯದೆ ಅರಿಸಿನ, ಬೂದಿ ಮೆತ್ತುವವರನ್ನು ದೂರವಿಡಿ. ನಕ್ಷತ್ರಮೀನು, ಉಬ್ಬುಮೀನುಗಳನ್ನು ಹಿಡಿದೆತ್ತಿ ಫೋಟೊಗೆ ಕೊಡುವ, ಬ್ರೆಡ್ ಎರಚಿ ಮೀನು ಕರೆಯುವ ಗೈಡ್ ಸಿಕ್ಕರೆ ಅವನಿಗೆ ಟಿಪ್ಸ್ ಕೊಡಬೇಡಿ.

ಪ್ರಶ್ನೆ: ಜೆಲ್ಲಿ ಮೀನು ಕಚ್ಚಿದರೆ ಮೂತ್ರ ಹೊಯ್ದರೆ ಸರಿಹೋಗುತ್ತದಂತೆ?

ಇಲ್ಲ. ಈ ಪ್ರಶ್ನೆ ಇನ್ನು ಕಳಿಸಬೇಡಿ. ಬಾಕ್ಸ್ ಜೆಲ್ಲಿ ಎಂಬ ಜಾತಿಗೆ ವಿನೆಗರ್, ಬ್ಲೂಬಾಟಲ್ ಎಂಬ ಜಾತಿಗೆ ತಡೆದುಕೊಳ್ಳುವಷ್ಟು ಬಿಸಿನೀರು, ಉಸಿರಾಟ ಕಷ್ಟವಾದರೆ ಆಸ್ಪತ್ರೆ. ಆ ಸಮುದ್ರದಲ್ಲಿ ಯಾವ ಜಾತಿ ಇದೆ ಎಂದು ಬೋಟ್‌ನವರಿಗೆ ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ಬೋಟ್ ಬದಲಾಯಿಸಿ.

ಪ್ರಶ್ನೆ: ಸ್ನಾರ್ಕೆಲಿಂಗ್ ಮಾಡಿದ ದಿನವೇ ವಿಮಾನ ಹತ್ತಬಾರದೇ?

ಧಾರಾಳವಾಗಿ ಹತ್ತಿ. ಕಾಯಬೇಕಾದವರು ಸಿಲಿಂಡರ್ ಹೊತ್ತು ಮುಳುಗಿದವರು.

ಪ್ರಶ್ನೆ: ಶಾರ್ಕ್ ಬಂದರೆ?

ನೋಡಿ ಖುಷಿಪಡಿ.

ಪ್ರಶ್ನೆ: ಬೋಟ್‌ನಲ್ಲಿ ವಾಂತಿ ಬರುತ್ತದೆ, ಮಾತ್ರೆ ಯಾವಾಗ ತಗೊಳ್ಳಬೇಕು?

ಹೊರಡುವ ಮುನ್ನ. ಶುರುವಾದ ಮೇಲೆ ನುಂಗಿದ್ದು ಸಮುದ್ರಕ್ಕೇ ಹೋಗುತ್ತದೆ. ಹೆಚ್ಚಿನ ಮಾತ್ರೆಗಳು ಮಂಪರು ತರಿಸುತ್ತವೆ, ಆದ್ದರಿಂದ ಹಿಂದಿನ ಯಾವುದಾದರೂ ದಿನ ಮನೆಯಲ್ಲೇ ಒಂದು ನುಂಗಿ ಪರೀಕ್ಷಿಸಿ. ವಾಂತಿಯಿಂದ ನಿತ್ರಾಣವಾದವರು ‘ನೀರಿಗಿಳಿದರೆ ಸರಿಹೋಗುತ್ತೆ’ ಎಂದು ಹಾರುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಗಾಳಿ ಜೋರಾಗಿದೆ ಎಂದು ಬಂದರಿನವರೆಗೂ ಬರಿಸಿಕೊಂಡು ಟ್ರಿಪ್ ರದ್ದು ಮಾಡಿದರು. ದುಡ್ಡು ವಾಪಸ್ ಕೊಟ್ಟರು, ಆದರೆ ರಜೆ ಹಾಳಾಯಿತು. ಯಾರಿಗೆ ದೂರು ಕೊಡಬೇಕು?

ದೂರು ಕೊಡಬೇಡಿ. ಮುಂದಿನ ಸಲವೂ ಅದೇ ಬೋಟ್‌ಗೆ ಬುಕ್ ಮಾಡಿ.