ಬಜೆಟ್‌ಗೆ ಮೊದಲು ಜನರನ್ನು ಕೇಳುತ್ತಾರಾ? ಅತ್ತಿಬೆಲೆಯಿಂದ ಒಂದು ಉತ್ತರ

ಬಜೆಟ್ ಮಾಡುವ ಮೊದಲು ಜನರನ್ನು ಕೇಳುತ್ತಾರಾ ಅಂತ ಕೇಳಿದಿರಿ. ಕೇಳುತ್ತಾರೆ ಸ್ವಾಮಿ. ಆದರೆ ಖರ್ಚಿನ ಬಗ್ಗೆ ಮಾತ್ರ.

ನೀವು ಬೆಂಗಳೂರಿಗೆ ಹೊಸಬರು. ಬೆಂಗಳೂರು ನಗರ ಜಿಲ್ಲೆ ಅಂದರೆ ಬರೀ ಸಿಟಿ ಅಲ್ಲ, ನಮ್ಮ ಆನೇಕಲ್ ತಾಲ್ಲೂಕೂ ಅದರಲ್ಲೇ ಇದೆ. ಅತ್ತಿಬೆಲೆ ದಾಟಿದರೆ ತಮಿಳುನಾಡು. ಸಿಟಿಯೊಳಗಿನ ಕಥೆ ಬೇರೆ. ಅಲ್ಲಿ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ಆಗಿನ ನಗರ ಪಾಲಿಕೆ ಬಿಬಿಎಂಪಿಯ 2025–26ರ ಬಜೆಟ್ 19,927 ಕೋಟಿ ರೂಪಾಯಿಯದು. ಅದನ್ನು ಪ್ರಶ್ನಿಸಲು ಚುನಾಯಿತ ಸದಸ್ಯ ಒಬ್ಬರೂ ಇರಲಿಲ್ಲ.

ಸಣ್ಣ ಊರುಗಳಲ್ಲಿ ಬಜೆಟ್ ಪೂರ್ವಭಾವಿ ಸಭೆ ಅಂತ ಒಂದು ನಡೆಯುತ್ತದೆ. ಜನ ಚರಂಡಿ, ಬೀದಿದೀಪ, ಸ್ಮಶಾನಕ್ಕೆ ದಾರಿ ಕೇಳುತ್ತಾರೆ. ಅಧಿಕಾರಿ ಬರೆದುಕೊಳ್ಳುತ್ತಾರೆ. ಟೀ ಬರುತ್ತದೆ. ಹೋದ ಸಲ ಕೇಳಿದ್ದರಲ್ಲಿ ಯಾವುದು ಸೇರಿತು, ಯಾವುದನ್ನು ಯಾಕೆ ಬಿಟ್ಟರು ಅನ್ನುವ ಪಟ್ಟಿ ಮಾತ್ರ ಬರುವುದಿಲ್ಲ. ಮೊದಲು ಅದು ಸರಿಯಾಗಬೇಕು.

ಆದಾಯದ ಕಡೆಯಂತೂ ಯಾರೂ ಬಾಯೇ ಬಿಡಲ್ಲ. ರಾಜ್ಯ ಸರ್ಕಾರ ಹಾಕುವ ಡೀಸೆಲ್ ತೆರಿಗೆಯನ್ನೇ ನೋಡಿ. ಲಾರಿಯವರು ಗಡಿಯಾಚೆಯ ಹೊಸೂರಿನ ದರ, ಅತ್ತಿಬೆಲೆ ದರ ಎರಡೂ ನೋಡಿಕೊಂಡೇ ಟ್ಯಾಂಕ್ ತುಂಬಿಸುತ್ತಾರೆ. ನಮ್ಮ ಕಡೆ ಅಗ್ಗ ಅಂತ ಆಚೆಯವರೂ ಇಲ್ಲಿ ನಿಲ್ಲುತ್ತಾರೆ. 2024ರ ಫೆಬ್ರವರಿಯಲ್ಲಿ ರಾಜ್ಯ ಬಜೆಟ್ ಮುಗಿಯಿತು. ಜೂನ್ 15ಕ್ಕೆ ಬೇರೆಯೇ ಆದೇಶ ಬಂತು, ಡೀಸೆಲ್ ಮಾರಾಟ ತೆರಿಗೆ ಶೇ. 18.44. ಲೀಟರಿಗೆ 3 ರೂಪಾಯಿ ಏರಿತು. 2025ರ ಏಪ್ರಿಲ್ 1ರಿಂದ ಶೇ. 21.17, ಇನ್ನೂ 2 ರೂಪಾಯಿ. ಬಜೆಟ್ ಸಭೆಗೆ ಎಷ್ಟೇ ಸಲ ಹೋಗಿದ್ದರೂ ಜೂನ್ ಆದೇಶದ ಬಗ್ಗೆ ಮಾತಾಡಲು ಜಾಗವೇ ಇರಲಿಲ್ಲ, ಅಲ್ವಾ?

ದರದ ಅಂತರ ಕಮ್ಮಿಯಾದಷ್ಟೂ ಆಚೆಯ ಲಾರಿ ಇಲ್ಲಿ ನಿಲ್ಲುವುದು ಕಮ್ಮಿ. ಅವರು ಹಾಕಿಸದ ಡೀಸೆಲ್‌ನ ತೆರಿಗೆ ನಮ್ಮ ಖಜಾನೆಗೂ ಇಲ್ಲ. ಬಂಕಿನ ಹುಡುಗನಿಗೂ ಗೊತ್ತಿರುವ ಲೆಕ್ಕ ಇದು. ಮುಖ್ಯಮಂತ್ರಿಗಳು ಬಜೆಟ್‌ಗೆ ಮೊದಲು ರೈತ ಸಂಘಟನೆಗಳನ್ನು, ಉದ್ಯಮಿಗಳನ್ನು ಕರೆದು ಮಾತಾಡುತ್ತಾರೆ. ಒಳ್ಳೆಯದೇ. ತೆರಿಗೆ ಏರಿಸುವ ಮುನ್ನ ಅಂಥದ್ದೇ ಒಂದು ಸಭೆ ಗಡಿ ತಾಲ್ಲೂಕಲ್ಲೂ ಆಗಲಿ.

ನಿಮ್ಮ ಊರಿನ ಸಭೆಗೆ ಹೋದರೆ ಸುಮ್ನೆ ರಸ್ತೆ ಕೇಳಿ ಬರಬೇಡಿ. ಆಸ್ತಿ ತೆರಿಗೆ ಎಷ್ಟು ಬರಬೇಕಿತ್ತು, ಎಷ್ಟು ಬಂತು ಅಂತ ಕೇಳಿ. ಕನ್ನಡ ತಡವರಿಸಿದರೂ ಪರವಾಗಿಲ್ಲ. ನಮ್ಮ ಕಡೆ ಅರ್ಧ ಮಾತು ತೆಲುಗು, ತಮಿಳು ಬೆರೆತೇ ಬರುತ್ತದೆ.