ಪಿಆರ್‌ಪಿನಾ ಸ್ಟೆಮ್ ಸೆಲ್ಲಾ ಅನ್ನೋದು ಆಮೇಲೆ

ಎಲ್4-ಎಲ್5 ಡಿಸ್ಕ್ ಬಲ್ಜ್ (ಸೊಂಟದ ಹತ್ತಿರ ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿರೋದು), ಎರಡು ವರ್ಷದ ಸೊಂಟನೋವು, ಪಿಆರ್‌ಪಿ (ನಮ್ಮದೇ ರಕ್ತದ ಪ್ಲೇಟ್‌ಲೆಟ್ ಭಾಗದ ಇಂಜೆಕ್ಷನ್) ಮಾಡಿಸಲಾ ಸ್ಟೆಮ್ ಸೆಲ್ (ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶದ ಇಂಜೆಕ್ಷನ್) ಮಾಡಿಸಲಾ ಅಂತ ಕೇಳಿದ್ದೀರಿ. ಇದೇ ರಿಪೋರ್ಟ್ ಹಿಡಿದು ಅಲೆದವಳು ನಾನು.

ನನಗೆ ಶುರುವಾಗಿದ್ದು ಎರಡನೇ ಹೆರಿಗೆ ಆದಮೇಲೆ, 34ನೇ ವಯಸ್ಸಲ್ಲಿ. ರಾತ್ರಿ ಮಗ್ಗುಲು ಬದಲಿಸೋಕೆ ಗೋಡೆ ಹಿಡೀಬೇಕಿತ್ತು. ಕೂಸನ್ನ ಎತ್ತಿಕೊಂಡು ಎದ್ದರೆ ಬಲಗಡೆ ಚಳಕ್ ಅಂತಿತ್ತು. ಎಂಆರ್‌ಐಯಲ್ಲಿ ಡಿಸ್ಕ್ ಉಬ್ಬಿದೆ ಅಂತ ಬಂದಿದ್ದೇ ತಡ, ಬಳೆ ಅಡವಿಟ್ಟು ಡಿಸ್ಕ್‌ಗೆ ಪಿಆರ್‌ಪಿ ಮಾಡಿಸಿಕೊಂಡೆ. ತೋಳಿಂದ ರಕ್ತ ತೆಗೆದು, ಮೆಷಿನ್‌ನಲ್ಲಿ ಗಿರ್ರನೆ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರೋ ಹಳದಿ ಭಾಗವನ್ನ ಎಕ್ಸ್‌ರೇಯಲ್ಲಿ ನೋಡ್ತಾ ಒಳಗೆ ಬಿಟ್ಟರು. ಹತ್ತು ದಿನ ನೋವು ಹೆಚ್ಚಾಯ್ತು. ಆರು ತಿಂಗಳು ಕಾದೆ. ಹಳೇ ನೋವು ಹಾಗೇ ಇತ್ತು.

ನನ್ನ ತಪ್ಪು ಏನು ಗೊತ್ತಾ? ಹೋದಲ್ಲೆಲ್ಲ ಮೊದಲು ಫಿಲ್ಮ್ ಕೊಟ್ಟೆ. ನೋವಿನ ಜಾಗ ತೋರಿಸಲೇ ಇಲ್ಲ. ಅವರೂ ಬೆನ್ನು ಮುಟ್ಟಲಿಲ್ಲ, ಮುಟ್ಟಿ ನೋಡಿ ಅಂತ ನಾನೂ ಕೇಳಲಿಲ್ಲ. ಹೆರಿಗೆ ಆದಮೇಲೆ ಬಂದಿದ್ದು ಅನ್ನೋ ದೊಡ್ಡ ಸುಳಿವನ್ನೂ ಬಾಯಿ ಬಿಟ್ಟು ಹೇಳಲಿಲ್ಲ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನ ಒಟ್ಟುಮಾಡಿ ನೋಡಿದ 2015ರ ಪರಿಶೀಲನೆಯೊಂದರಲ್ಲಿ, 30 ವರ್ಷದವರಲ್ಲಿ ಶೇ. 40ರಷ್ಟು ಜನಕ್ಕೆ ಡಿಸ್ಕ್ ಬಲ್ಜ್ ಇತ್ತು. ಉಬ್ಬಿದೆ ಅಂದ ಮಾತ್ರಕ್ಕೆ ನೋವು ಅಲ್ಲಿಂದಲೇ ಬರ್ತಿದೆ ಅಂತಲ್ಲ. ಇದನ್ನ ಅವತ್ತು ಯಾರಾದ್ರೂ ಹೇಳಬೇಕಿತ್ತು.

ಕೊನೆಗೆ ಸಿಕ್ಕ ಡಾಕ್ಟರು ಫಿಲ್ಮ್ ಪಕ್ಕಕ್ಕಿಟ್ಟು, "ಒಂದೇ ಬೆರಳಲ್ಲಿ ತೋರಿಸಮ್ಮ" ಅಂದರು. ಬೆರಳು ಹೋಗಿ ನಿಂತಿದ್ದು ಲಂಗದ ಲಾಡಿ ಕಟ್ಟೋ ಜಾಗಕ್ಕಿಂತ ಕೆಳಗೆ, ಬಲಗಡೆ ಗುಳಿ ಹತ್ತಿರ. ಮಲಗಿಸಿ, ಬಲಪಾದವನ್ನ ಎಡಮಂಡಿ ಮೇಲಿಟ್ಟು ಬಲಮಂಡಿ ಒತ್ತಿದರು. ಅದೇ ಚಳಕು! ನೋವು ಬರ್ತಿದ್ದದ್ದು ಸ್ಯಾಕ್ರೋ ಇಲಿಯಾಕ್ ಕೀಲಿಂದ, ಅಂದ್ರೆ ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರೋ ಕೀಲಿಂದ ಅಂತ ಅನುಮಾನ ಬಂತು. ಖಾತ್ರಿ ಮಾಡಿಕೊಳ್ಳೋಕೆ ಅಲ್ಲಿಗೆ ಮರಗಟ್ಟಿಸೋ ಇಂಜೆಕ್ಷನ್ ಮಾತ್ರ ಕೊಟ್ಟರು. ಎರಡು ಗಂಟೆ ನೋವೇ ಇಲ್ಲ, ಆಸ್ಪತ್ರೆ ಮೆಟ್ಟಿಲು ಹತ್ತಿ ಇಳಿದು ಅತ್ತುಬಿಟ್ಟೆ. ಆಮೇಲೆ ಬೆಲ್ಟು, ಎಂಟು ತಿಂಗಳ ವ್ಯಾಯಾಮ. ಈಗ ಮಗಳನ್ನ ಎತ್ತಿಕೊಳ್ತೀನಿ.

ಪಿಆರ್‌ಪಿ ಕೆಟ್ಟದ್ದು ಅಂತ ನಾನು ಹೇಳಲ್ಲ. ನೋವಿನ ಮೂಲ ಖಾತ್ರಿಯಾಗದೆ ಯಾವ ಇಂಜೆಕ್ಷನ್ನೂ ಬೇಡ, ಅಷ್ಟೇ. ಸ್ಟೆಮ್ ಸೆಲ್ ಅಂತೂ ಕೈಬಿಡಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಸೊಂಟನೋವಿಗೆ ಅದನ್ನ ಕೊಡೋದಾದ್ರೆ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ. ಕಾಲಿನ ಶಕ್ತಿ ಕುಂದಿದ್ರೆ, ಮೂತ್ರದ ಹಿಡಿತ ತಪ್ಪಿದ್ರೆ ಇದೆಲ್ಲ ಓದ್ತಾ ಕೂರಬೇಡಿ, ಇವತ್ತೇ ಆಸ್ಪತ್ರೆಗೆ ಹೋಗಿ.

ಇಲ್ಲದಿದ್ರೆ ಈಗಲೇ ಎದ್ದು ನಿಂತು, ನೋವಿರೋ ಕಡೆ ಒಂದೇ ಬೆರಳಿಟ್ಟು ನೋಡಿ. ಎಲ್ಲಿ ನಿಲ್ತು ಅಂತ ಕೆಳಗೆ ಬರೀರಿ.